ಹೆಬ್ಬೆರಳು ಮೇಲೆ ಬರುವಾಗ

ಬೊಬ್ಬೆ ಒಡೆದದ್ದು ಸಿಂಚನಳಿಗೆ ಮೊದಲು ಗೊತ್ತಾಗಲಿಲ್ಲ. ಬೇಸ್ ಗಿಟಾರಿನ ದಪ್ಪ ತಂತಿಯ ಮೇಲೆ ಹೆಬ್ಬೆರಳು ಜಾರಿದಾಗ ಬೆವರು ಅಂದುಕೊಂಡಳು. ನೋಡಿದರೆ ತಂತಿಗೆ ಹಳದಿ ನೀರು ಮೆತ್ತಿಕೊಂಡಿತ್ತು, ಅದರ ಜೊತೆಗೆ ಸತ್ತ ಚರ್ಮದ ಒಂದು ಚೂರು. ಹಿಂದಿನ ದಿನವಷ್ಟೇ ಅವಳು ಹಾಲುತೊಂಡೆ ರೋಗ ಬಂದ ರೇಷ್ಮೆ ಹುಳಗಳನ್ನು ಆರಿಸಿ ಸುಣ್ಣದ ಬಾಂಡ್ಲಿಗೆ ಹಾಕಿದ್ದಳು. ಊದಿಕೊಂಡ ಹುಳ ಬೆರಳುಗಳ ನಡುವೆ ಒಡೆದರೆ ಬರುವುದೂ ಹೀಗೇ ಅಂಟು ನೀರು. ಎಷ್ಟು ಸಲ ಸೋಪು ಹಾಕಿ ತೊಳೆದರೂ ಊಟದ ಹೊತ್ತಿಗೆ ಅದು ನೆನಪಾಗದೆ ಬಿಡುವುದಿಲ್ಲ.

ಅಜ್ಜಿ ಲಕ್ಷ್ಮೀದೇವಮ್ಮ ಬಾಗಿಲಲ್ಲಿ ನಿಂತು ಮೂಗು ಮುರಿದರು.

"ಹುಳ ಪೊರೆ ಬಿಡಾಕೆ ಜ್ವರಕ್ಕೆ ಕೂತವೆ ಕಣಮ್ಮಿ. ಈ ದಬದಬ ಕೇಳ್ತಾ ಅವು ಯಾವಾಗ ಏಳ್ತವೆ? ಬೆರಳು ಬ್ಯಾರೆ ಕೊಳೆಸ್ಕೊಂಡಿದ್ದೀಯ. ಆ ಕೈಯಾಗೆ ಸೊಪ್ಪು ಮುಟ್ಬೇಡ."

"ಹುಳಕ್ಕೆ ಕಿವಿ ಇರಲ್ಲ ಅಜ್ಜಿ."

"ನಮಗೈತಲ್ಲ!"

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಆ ಹಳ್ಳಿಯಲ್ಲಿ ಸಿಂಚನಳ ಮನೆಯವರು ಮೊದಲಿನಿಂದಲೂ ಹಿಪ್ಪುನೇರಳೆ ಬೆಳೆದು ಹುಳ ಸಾಕುವವರು. ಮನೆಯ ಹಿಂದೆ ಉದ್ದನೆಯ ಹುಳದ ಮನೆ. ಅದರ ತುದಿಯಲ್ಲಿ ಸೊಪ್ಪು ಶೇಖರಿಸಿಡುವ ಸಣ್ಣ ಕೋಣೆ. ಕಿಟಕಿಗೆ ಒದ್ದೆ ಗೋಣಿತಾಟು, ಒಳಗೆ ತಂಪು ಕತ್ತಲು, ಬ್ಲೀಚಿಂಗ್ ಪುಡಿಯ ವಾಸನೆ. ಗೋಣಿ ಶಬ್ದವನ್ನು ಹೀರಿಕೊಳ್ಳುತ್ತದೆ ಎಂದು ಸಿಂಚನ ತನ್ನ ಪುಟ್ಟ ಆಂಪ್ಲಿಫೈಯರನ್ನು ಅಲ್ಲೇ ಇಟ್ಟುಕೊಂಡಿದ್ದಳು. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಗುಲಾಬಿ, ತರಕಾರಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ ಅವಳದು. ಪಾಳಿ ಮುಗಿಸಿ ಬಂದವಳು ಒಂದು ಲೋಟ ಕಾಫಿ ಕುಡಿದು ನೇರ ಆ ಕೋಣೆ ಸೇರುತ್ತಿದ್ದಳು.

ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವ ಸ್ಲ್ಯಾಪ್ ಅವಳಿಗೆ ಕಾಲೇಜಿನಲ್ಲಿದ್ದಾಗಲೇ ಬಂದಿತ್ತು. ಈಗ ಅವಳು ಹಿಡಿದು ಕೂತದ್ದು ಅದರ ಮುಂದಿನ ಪಾಠ, ಡಬಲ್ ಥಂಬ್. ಸಾಧಾರಣ ಸ್ಲ್ಯಾಪಿನಲ್ಲಿ ಹೆಬ್ಬೆರಳು ತಂತಿಗೆ ತಾಗಿ ಪುಟಿದು ಬರುತ್ತದೆ. ಇಲ್ಲಿ ಪುಟಿಯಬಾರದು. ತಂತಿಯನ್ನು ದಾಟಿ ಕೆಳಗಿನ ತಂತಿಯ ಮೇಲೆ ಹೋಗಿ ಕೂರಬೇಕು. ಅಲ್ಲಿಂದ ಮೇಲೆ ಬರುವಾಗ ಉಗುರಿನ ಬದಿಯಿಂದ ಮೊದಲಿನ ತಂತಿಯನ್ನೇ ಮೀಟಬೇಕು. ಕೆಳಗೆ ಹೋಗುವಾಗ ಒಂದು ಸ್ವರ, ಮೇಲೆ ಬರುವಾಗ ಇನ್ನೊಂದು. ಎರಡೂ ಸಮ ಇರಬೇಕು. ಅವಳದು ಕೆಳಗೆ ಹೋಗುವಾಗ ಸರಿಯಾಗಿಯೇ ಇರುತ್ತಿತ್ತು. ಮೇಲೆ ಬರುವಾಗ ಮಾತ್ರ ಯಾರೋ ಮೂಗಿನಲ್ಲಿ ಗೊಣಗಿದ ಹಾಗೆ 'ಮ್ಬ್' ಎಂಬ ಸತ್ತ ಶಬ್ದ. ಎಷ್ಟು ತಿದ್ದಿದರೂ ಅದೇ.

ಕಲಿಸುತ್ತಿದ್ದವನು ಸುನಿಲ್‌ಕುಮಾರ್. ದೇವನಹಳ್ಳಿಯ ಹಳೇ ಬಸ್ ನಿಲ್ದಾಣದ ಹಿಂದೆ ಕೋಳಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಸಂಗೀತ ಶಾಲೆ. ಕೆಳಗೆ ಪುಕ್ಕ ಸುಡುವ ವಾಸನೆ, ಮೇಲೆ ಅಗರಬತ್ತಿ. ಎರಡೂ ಸೇರಿ ಮೆಟ್ಟಿಲು ಹತ್ತುವವರ ಗಂಟಲು ಕಟ್ಟುತ್ತಿತ್ತು. ಸುನಿಲ್ ಚೆನ್ನಾಗಿ ನುಡಿಸುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಅವನ ಹೆಬ್ಬೆರಳು ತಂತಿಯ ಮೇಲೆ ಓಡುವುದನ್ನು ನೋಡಿಯೇ ಸಿಂಚನ ಅವನಲ್ಲಿಗೆ ಸೇರಿದ್ದು. ಸುತ್ತಲಿನ ರೆಸಾರ್ಟುಗಳಲ್ಲಿ, ಮದುವೆ ಮಂಟಪಗಳಲ್ಲಿ ಅವನ ತಂಡಕ್ಕೆ ಕರೆ ಇತ್ತು. ಡಬಲ್ ಥಂಬ್ ಬಂದ ದಿನ ತಂಡದಲ್ಲಿ ಜಾಗ ಕೊಡುತ್ತೇನೆ ಎಂದು ಅವಳಿಗೆ ಹೇಳಿದ್ದ.

ಪ್ರತಿ ತರಗತಿಯಲ್ಲೂ ಅವನು ಸ್ಟ್ಯಾಂಡಿನ ಮೇಲೆ ಫೋನ್ ಇಟ್ಟು ಅವಳು ನುಡಿಸುವುದನ್ನು ಚಿತ್ರಿಸಿಕೊಳ್ಳುತ್ತಿದ್ದ.

"ನಿನ್ನ ಪ್ರೋಗ್ರೆಸ್ ನೋಡೋಕಮ್ಮ. ಕೈ ಕಾಣ್ಬೇಕು ನೋಡು, ಅದಕ್ಕೆ ಸ್ವಲ್ಪ ಕೆಳಗಿಂದ ಇಟ್ಟಿದೀನಿ."

"ಸರ್, ಎಲ್ಲಿ ತಪ್ಪಾಗ್ತಿದೆ?"

"ತಪ್ಪೇನಿಲ್ಲ. ಇನ್ನೂ ಬಡಿ. ಬೆರಳು ಗಟ್ಟಿ ಆಗ್ಬೇಕು. ರಕ್ತ ಬರೋವರೆಗೂ ಬಡಿದೋರು ಇದ್ದಾರೆ."

ಅವಳು ಮನೆಗೆ ಬಂದು ಇನ್ನೂ ಬಡಿಯುತ್ತಿದ್ದಳು. ಯುಗಾದಿಗೆ ಮುಂಚೆ ಶುರುವಾದದ್ದು ಗಣೇಶನ ಹಬ್ಬ ಕಳೆದರೂ ಅಲ್ಲೇ ಇತ್ತು. ಬೊಬ್ಬೆ ಎದ್ದಿತು, ಒಡೆಯಿತು, ಅದರ ಮೇಲೆ ಮತ್ತೊಂದು ಎದ್ದಿತು. ತನ್ನ ಬೆರಳೇ ಮೊಂಡು ಎಂದು ಅವಳು ನಂಬಿದ್ದಳು. ಬಸ್ಸಿನಲ್ಲಿ ಕೂತಾಗ ಬಲಗೈಯನ್ನು ಮಡಿಲಲ್ಲಿಟ್ಟು ನೋಡುವಳು. ದಪ್ಪ ಗಿಣ್ಣು, ಚಪ್ಪಟೆ ಉಗುರು, ಸಿಪ್ಪೆ ಎದ್ದ ತುದಿ. ಅದರ ಮೇಲೆ ಅವಳಿಗೆ ಹೇಸಿಗೆ ಹುಟ್ಟಿಬಿಟ್ಟಿತ್ತು. ಊಟ ಮಾಡುವಾಗ ಮುದ್ದೆಯನ್ನು ಆ ಬೆರಳು ತಾಗದಂತೆ ಮುರಿಯುವುದು ಅಭ್ಯಾಸವಾಗಿತ್ತು.

*

ಒಂದು ಬೆಳಿಗ್ಗೆ ಅಪ್ಪ ಅಪ್ಪಯ್ಯಣ್ಣ ಡೈರಿಗೆ ಹಾಲು ಹಾಕಿ ಬಂದವರು ಕ್ಯಾನನ್ನು ಅಂಗಳದಲ್ಲಿ ಬಿಟ್ಟು ನೇರ ಒಳಗೆ ಬಂದರು. ಮುಖ ಅರಳಿತ್ತು. ಮಗಳ ಗಿಟಾರಿನ ಬಗ್ಗೆ ಅವರು ಒಂದೇ ಒಂದು ಸಲ ಮಾತಾಡಿದ್ದರು. 'ಇದ್ರಲ್ಲಿ ಹಾಡು ಬರಲ್ವಾ, ಬರೀ ಗುಡುಗಾ?' ಎಂದು ಕೇಳಿ ಸುಮ್ಮನಾಗಿದ್ದರು.

"ಬಾರಮ್ಮ ಇಲ್ಲಿ. ಡೈರಿ ಪಿಳ್ಳಣ್ಣನ ಫೋನಲ್ಲಿ ನೀನು ಬಂದಿದ್ದೀಯ! ನಾನೂ ಹಾಕಿಸ್ಕೊಂಡೆ. ನೋಡು, ನೋಡು."

ಸಿಂಚನ ನೋಡಿದಳು. ತರಗತಿಯ ಕೋಣೆ, ಗೋಡೆಯ ಹಸಿರು ಬಣ್ಣ, ಅವಳದೇ ಹಳದಿ ಚೂಡಿದಾರ. ಕೆಳಗಿನಿಂದ ತೆಗೆದ ಚಿತ್ರ. ಕೈಗಿಂತ ಹೆಚ್ಚು ಎದೆ ಕಾಣುವಂತೆ ಯಾರೋ ಕತ್ತರಿಸಿದ್ದರು. ನುಡಿಸುವಾಗ ಅವಳಿಗೆ ನಾಲಿಗೆಯ ತುದಿ ಹೊರಗೆ ಬರುವ ಅಭ್ಯಾಸ. ಅದನ್ನು ದೊಡ್ಡದು ಮಾಡಿ ಮತ್ತೆ ಮತ್ತೆ ತೋರಿಸಿದ್ದರು. ಹೆಬ್ಬೆರಳು ಕೆಳಗೆ ಹೋದಾಗ ಸರಿಯಾದ ಸ್ವರ. ಮೇಲೆ ಬಂದಾಗಲೆಲ್ಲ ಒಂದು ಎಮ್ಮೆ ಕೂಗುತ್ತಿತ್ತು. ಅದರ ಹಿಂದೆ ಜನ ನಗುವ ಸದ್ದು. ಮೇಲೆ ದಪ್ಪ ಅಕ್ಷರಗಳಲ್ಲಿ 'ಹಳ್ಳಿ ಹುಡುಗಿ ಸ್ಲ್ಯಾಪ್ ಕಲಿಯೋಕೆ ಹೋದಾಗ' ಎಂದಿತ್ತು. ಕೊನೆಯಲ್ಲಿ ಸುನಿಲ್‌ಕುಮಾರ್ ಬಂದು ನಕ್ಕು, ತಾನು ಅದನ್ನೇ ಮಿಂಚಿನಂತೆ ನುಡಿಸಿ, 'ಈ ತಪ್ಪು ನೀವೂ ಮಾಡ್ತಿದೀರಾ? ನಮ್ಮ ಕೋರ್ಸ್ ಸೇರಿ' ಎನ್ನುತ್ತಿದ್ದ.

"ಎಷ್ಟು ಜನ ನೋಡವ್ರೆ ಗೊತ್ತಾ? ನಮ್ ನೆಂಟರ ಗ್ರೂಪಿಗೆಲ್ಲ ಹಾಕ್ಬಿಟ್ಟೆ," ಎಂದರು ಅಪ್ಪಯ್ಯಣ್ಣ. "ಎಲ್ರೂ ನಗೋ ಮುಖ ಕಳಿಸವ್ರೆ. ಖುಷಿ ಆಗೈತೆ ಪಾಪ ಅವ್ರಿಗೆ. ಅಲ್ಲಮ್ಮ, ಮಧ್ಯದಾಗೆ ಎಮ್ಮೆ ಕೂಗ್ತದಲ್ಲ, ಅದೂ ನಿನ್ ಗಿಟಾರೇನಾ?"

ಸಿಂಚನ ಫೋನನ್ನು ಅಪ್ಪನ ಕೈಗೆ ವಾಪಸ್ಸು ಕೊಟ್ಟಳು. ಅಪ್ಪನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಅವಳ ಸಂಗೀತದ ವಿಷಯಕ್ಕೆ ಆ ಮುಖ ಹೀಗೆ ಅರಳಿದ್ದು ಇದೇ ಮೊದಲು.

"ಹೂಂ ಅಪ್ಪ," ಎಂದಳು.

ಅವರು ಫೋನನ್ನು ಜೇಬಿಗಿಟ್ಟುಕೊಂಡು ಎಮ್ಮೆಗೆ ಹುಲ್ಲು ಹಾಕಲು ಹೋದರು. ಸಿಂಚನ ತನ್ನ ಫೋನಿನಲ್ಲಿ ಅದನ್ನು ಹುಡುಕಿ ಕೆಳಗೆ ಬರೆದದ್ದನ್ನು ಓದಿದಳು. ರೊಟ್ಟಿ ತಟ್ಟಲು ಹೇಳಿದವರು ಸಜ್ಜನರು. ಉಳಿದವರು ಅವಳ ಕೈಯನ್ನು ನೋಡಿರಲೇ ಇಲ್ಲ. ಏನನ್ನು ನೋಡಿದ್ದರೋ ಅದರ ಬಗ್ಗೆ ಬರೆದಿದ್ದರು. ಅವರಲ್ಲಿ ಒಬ್ಬನ ಚಿತ್ರದಲ್ಲಿ ಅವನ ಮಡಿಲಲ್ಲಿ ಪುಟ್ಟ ಹೆಣ್ಣುಮಗು ಕೂತಿತ್ತು. ಅವಳು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಬಾಯಲ್ಲಿ ಏನೂ ಇರಲಿಲ್ಲ. ಆದರೂ ಮುಕ್ಕಳಿಸುತ್ತಲೇ ಇದ್ದಳು.

*

ಅಂದು ಸಂಜೆ ಅವಳು ತರಗತಿಗೆ ಹೋದಾಗ ಸುನಿಲ್ ಮೊಟ್ಟೆ ಪಫ್ಸ್ ತಿನ್ನುತ್ತಿದ್ದ. ಮೂಲೆಯಲ್ಲಿ ಅಂಬರೀಶ್ ಡ್ರಮ್ಮಿನ ಚರ್ಮ ಬಿಗಿಗೊಳಿಸುತ್ತಿದ್ದ. ಹೊಸಕೋಟೆಯ ಕಡೆಯವನು, ಕರೆದಾಗ ಹೋಗಿ ಎಲೆಕ್ಟ್ರಿಷಿಯನ್ ಕೆಲಸ ಮಾಡುವವನು. ಈ ಶಾಲೆಯಲ್ಲಿ ಸಿಂಚನಳಿಗೆ ಗೆಳೆಯ ಅಂತ ಇದ್ದವನು ಅವನೊಬ್ಬನೇ.

"ಸರ್, ಆ ವಿಡಿಯೋ ತೆಗೀರಿ," ಎಂದಳು ಸಿಂಚನ. ನಿಂತೇ ಇದ್ದಳು.

"ಓ, ನೋಡಿದ್ಯಾ? ಕೂತ್ಕೊ, ಕೂತ್ಕೊ." ಅವನು ಪಫ್ಸಿನ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ. "ನಿನ್ನ ಹೆಸರು ಹಾಕಿಲ್ಲಮ್ಮ. ಕಾಮಿಡಿ ಅಷ್ಟೇ. ಎಷ್ಟು ಜನ ಫೋನ್ ಮಾಡಿ ಕೋರ್ಸ್ ಕೇಳ್ತಿದಾರೆ ಗೊತ್ತಾ? ನಿನ್ನಿಂದ ಶಾಲೆಗೆ ಒಳ್ಳೇದಾಗಿದೆ. ಖುಷಿ ಪಡಬೇಕು ನೀನು."

"ನನ್ನ ಕೇಳಿದ್ರಾ?"

"ಗುರು ಶಿಷ್ಯರ ಮಧ್ಯೆ ಎಂಥ ಕೇಳೋದು?"

ಸಿಂಚನ ಬೈಯಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕೈಬಿಟ್ಟವು. ಆ ಚಿತ್ರದ ಕೊನೆಯಲ್ಲಿ ಅವನು ಹೇಳಿದ ಒಂದು ಮಾತು ಮಾತ್ರ ತಲೆಯಲ್ಲಿ ಉಳಿದಿತ್ತು.

"'ಈ ತಪ್ಪು' ಅಂದ್ರಲ್ಲ ಸರ್. ಯಾವ ತಪ್ಪು? ನಾನು ಕೇಳ್ದಾಗೆಲ್ಲ ತಪ್ಪೇನಿಲ್ಲ, ಬಡಿ ಅಂತಿದ್ರಿ."

ಸುನಿಲ್ ಉಳಿದ ಪಫ್ಸ್ ಚೂರನ್ನು ಬಾಯಿಗೆ ಹಾಕಿಕೊಂಡ. ಆಮೇಲೆ ನಕ್ಕ.

"ಗೊತ್ತಿತ್ತಮ್ಮ. ಮೊದಲ್ನೇ ವಾರಾನೇ ಗೊತ್ತಾಯ್ತು. ಆದ್ರೆ ನೀನು ಮಾಡೋ ತಪ್ಪು ಎಷ್ಟು ಕ್ಲಾಸಿಕ್ಕಾಗಿತ್ತು ಅಂದ್ರೆ, ಇಷ್ಟು ನೀಟಾಗಿ ತಪ್ಪು ಮಾಡೋರು ಸಿಗಲ್ಲ. ಸ್ವಲ್ಪ ದಿನ ಹಾಗೇ ಇರ್ಲಿ ಅಂತ ಬಿಟ್ಟೆ. ಕೋರ್ಸಿನ ಎರಡನೇ ಭಾಗದಲ್ಲಿ ಅದನ್ನ ಹೇಳ್ತೀನಿ. ನಿಂಗೆ ಫ್ರೀಯಾಗಿ ಕೊಡ್ತೀನಿ ಬಿಡು."

ಕೆಳಗೆ ಕೋಳಿ ಅಂಗಡಿಯವನು ಪುಕ್ಕ ಸುಡಲು ಗ್ಯಾಸ್ ಹಚ್ಚಿದ. ವಾಸನೆ ಕಿಟಕಿಯಿಂದ ಒಳಗೆ ಬಂತು. ಸಿಂಚನ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಇಷ್ಟು ದಿನ ಅದು ಸುಮ್ಮಸುಮ್ಮನೆ ಕೊಳೆತದ್ದು. ಅವನು ಎದುರಿಗೆ ಕೂತು, ಕಾರಣ ತಿಳಿದಿದ್ದೂ, ಫೋನನ್ನು ಒಂದಿಷ್ಟು ಹತ್ತಿರ ಸರಿಸುತ್ತಾ ಕೊಳೆಯುವುದನ್ನು ನೋಡುತ್ತಿದ್ದ. ಅವನ ಮೀಸೆಯಲ್ಲಿ ಪಫ್ಸಿನ ಒಂದು ಚೂರು ಸಿಕ್ಕಿಕೊಂಡಿತ್ತು, ಮಾತಾಡಿದಾಗಲೆಲ್ಲ ಅದು ಅಲುಗುತ್ತಿತ್ತು. ಅವಳು ಮೆಟ್ಟಿಲಿಳಿದಳು.

ಅಂಬರೀಶ್ ಹಿಂದೆಯೇ ಓಡಿ ಬಂದ.

"ಸಿಂಚನ, ನಿಲ್ಲು ಗುರು. ಬಿಡು, ನಾಕ್ ದಿನ ನಗ್ತಾರೆ, ಮರೀತಾರೆ. ಅವ್ನು ಹಂಗೇನೆ."

"ನೀನು ಯಾವಾಗ ನೋಡ್ದೆ?"

ಅಂಬರೀಶ್ ಕೋಳಿ ಪಂಜರದ ಕಡೆ ನೋಡಿದ. "ಹೋದ ವಾರ."

"ನಂಗ್ಯಾಕೆ ಹೇಳ್ಲಿಲ್ಲ?"

"ಬೇಜಾರ್ ಮಾಡ್ಕೋತೀಯ ಅಂತ."

ಸಿಂಚನ ಫೋನ್ ತೆಗೆದು ಮೆಚ್ಚಿದವರ ಹೆಸರುಗಳನ್ನು ತೋರಿಸಿದಳು. ಅವನ ಹೆಸರು ಮೇಲೆಯೇ ಇತ್ತು.

"ಅದು... ಎಲ್ರೂ ಲೈಕ್ ಕೊಡ್ಬೇಕು ಅಂತ ಸರ್ ಗ್ರೂಪಲ್ಲಿ ಹಾಕಿದ್ರು ಕಣೆ. ಕೊಡ್ದಿದ್ರೆ ಶೋಗೆ ಕರಿಯಲ್ಲ."

ಅವಳು ಫೋನನ್ನು ಒಳಗಿಟ್ಟು ನಡೆದಳು. ಬಸ್ಸಿಗೆ ನಿಂತಾಗ ಅವನು ಪಕ್ಕದಲ್ಲೇ ಬಂದು ನಿಂತ. ಅವಳು ನಾಲ್ಕು ಹೆಜ್ಜೆ ಸರಿದು ನಿಂತಳು.

*

ಮನೆಗೆ ಬಂದ ಸಿಂಚನ ಬೇಸನ್ನು ಚೀಲದೊಳಗೆ ಹಾಕಿ ಸೊಪ್ಪಿನ ಕೋಣೆಯ ಮೂಲೆಗೆ ಒರಗಿಸಿದಳು. ಕೆಲಸದ ಜಾಗದಲ್ಲಿ ಅವಳು ಹಾದುಹೋದರೆ ಲೋಡಿಂಗ್ ಹುಡುಗರಲ್ಲಿ ಒಬ್ಬ ಮೆಲ್ಲಗೆ 'ಮ್ಬಾ' ಎನ್ನುತ್ತಿದ್ದ. ಉಳಿದವರು ಪೆಟ್ಟಿಗೆಗಳ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದರು. ಗುಲಾಬಿಗಳ ಶೀತಕೋಣೆಯಲ್ಲಿ ಅವಳಿಗೆ ಹೂವಿನ ವಾಸನೆಯೂ ಹಿಡಿಸಲಿಲ್ಲ. ಆ ವಿಡಿಯೋದ ಮೇಲೆ ದೂರಿನ ಗುಂಡಿ ಒತ್ತಿದಳು. 'ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ' ಎಂದು ಉತ್ತರ ಬಂತು.

ಮನೆಯಲ್ಲಿ ಅಪ್ಪಯ್ಯಣ್ಣ ಬಂದವರಿಗೆಲ್ಲ ತೋರಿಸುತ್ತಲೇ ಇದ್ದರು. ಸೊಪ್ಪು ಕೊಯ್ಯಲು ಬಂದವರಿಗೆ, ಗೊಬ್ಬರದ ಟ್ರ್ಯಾಕ್ಟರಿನವನಿಗೆ. ಅವರು ತೋರಿಸುವಾಗ ಸಿಂಚನ ಒಳಗೆ ಹೋಗಿ ಹುಳದ ತಟ್ಟೆಗಳ ಮುಂದೆ ಕೂರುತ್ತಿದ್ದಳು. ಹೇಳಬೇಕು ಎಂದುಕೊಳ್ಳುವಳು. ಹೇಳಿದರೆ ಆ ಮುಖ ಏನಾದೀತು ಎಂದು ನೆನೆದು ಬಿಡುವಳು. ತಾನು ಬಾಯಿ ಮುಚ್ಚಿ ಕೂತದ್ದರ ಮೇಲೆಯೂ ಅವಳಿಗೆ ಅಸಹ್ಯವಿತ್ತು.

ಕೊನೆಗೆ ಅದನ್ನು ಹೇಳಿದವರು ಅಪ್ಪನ ಅಕ್ಕ ಮಾರಕ್ಕ. ನಲ್ಲೂರಿನಿಂದ ಫೋನ್ ಮಾಡಿದ್ದರು. ಅವರ ದನಿ ಫೋನಿನಿಂದ ಜಗುಲಿಯವರೆಗೂ ಕೇಳುತ್ತಿತ್ತು.

"ನಿಂಗೇನ್ ಬುದ್ಧಿಗಿದ್ಧಿ ಐತೇನ್ಲಾ ಅಪ್ಪಯ್ಯ? ಹೆತ್ತ ಮಗಳ್ನ ಎಮ್ಮೆ ಮಾಡಿ ಊರೆಲ್ಲ ನಗ್ತಾವ್ರೆ. ನೀನೇ ನಿಂತ್ಕಂಡು ಪ್ರಸಾದ ಹಂಚ್ದಂಗೆ ಹಂಚ್ತಿದ್ದೀಯಲ್ಲ! ಕೆಳಗೆ ಏನೇನು ಬರ್ದವ್ರೆ ಅಂತ ನನ್ ಮೊಮ್ಮಗಳು ಓದಿ ಹೇಳಿದ್ಳು. ಕಿವಿ ಮುಚ್ಕಂಡೆ ನಾನು."

ಅಪ್ಪಯ್ಯಣ್ಣ ಫೋನ್ ಕೆಳಗಿಟ್ಟರು. ಆಮೇಲೆ ಮಗಳ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತಾ?"

"ಹೂಂ."

"ಮೊದ್ಲಿಂದಾನೂ?"

"ನೀನು ತೋರಿಸ್ದಾಗ್ಲೇ ಗೊತ್ತಾಯ್ತಪ್ಪ."

"ಮತ್ತೆ ಇಷ್ಟು ದಿನ ನನ್ನ ಹಂಗೇ ಬಿಟ್ಯಲ್ಲಮ್ಮ."

ಅವರು ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಬೈಯಲಿಲ್ಲ. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಒಂದು ಸಲ ಮುಟ್ಟಿ, ಎದ್ದು ಕೈ ತೊಳೆದರು. ಟವೆಲಿನಲ್ಲಿ ಅಂಗೈಯನ್ನು ಉಜ್ಜಿ ಉಜ್ಜಿ ಒರೆಸಿಕೊಂಡರು.

*

ಮರುದಿನ ಮಧ್ಯಾಹ್ನ ಅಂಬರೀಶ್ ಫೋನ್ ಮಾಡಿದ. ಸಿಂಚನ ಎತ್ತಲಿಲ್ಲ. ಮತ್ತೆ ಮಾಡಿದ.

"ನಿಮ್ಮಪ್ಪ ಇಲ್ಲಿ ಮೆಟ್ಟಿಲ ಮೇಲೆ ಕೂತವ್ರೆ. ಬೆಳಿಗ್ಗೆಯಿಂದ. ನೀನು ಬೇಗ ಬಾ."

ಅವಳು ಪಾಳಿಯ ಮಧ್ಯದಲ್ಲೇ ರಜೆ ಹೇಳಿ ಹೋದಳು. ಕೋಳಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲಿನ ಮೂರನೆಯ ಪಾವಟಿಗೆಯಲ್ಲಿ ಅಪ್ಪಯ್ಯಣ್ಣ ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡು ಕೂತಿದ್ದರು. ಕೂಗಾಟವಿಲ್ಲ, ಜಗಳವಿಲ್ಲ. ಮಕ್ಕಳನ್ನು ತರಗತಿಗೆ ಬಿಡಲು ಬರುವ ಅಪ್ಪ ಅಮ್ಮಂದಿರಿಗೆ ದಾರಿ ಬಿಟ್ಟು, ಒಂದೇ ಮಾತು ಹೇಳುತ್ತಿದ್ದರು.

"ಒಳಗೆ ಫೋನ್ ಇಟ್ಟು ಮಕ್ಕಳ ಪಿಚ್ಚರ್ ತೆಗೀತಾನೆ. ನನ್ ಮಗಳದ್ದು ತೆಗ್ದು ಎಮ್ಮೆ ಮಾಡವ್ನೆ. ನಿಮ್ ಮಗೂದು ಐತಾ, ಒಸಿ ನೋಡ್ಕಳಿ."

ಒಬ್ಬ ತಾಯಿ ಮಗಳ ಕೈ ಹಿಡಿದು ಅಲ್ಲಿಂದಲೇ ವಾಪಸ್ಸಾದಳು. ಇನ್ನೊಬ್ಬರು ಮೇಲೆ ಹೋಗಿ ಜೋರಾಗಿ ಮಾತಾಡತೊಡಗಿದರು. ಸುನಿಲ್ ಕೆಳಗೆ ಇಳಿದು ಬಂದ. ಮುಖ ಬಿಳಿಚಿತ್ತು.

"ಯಜಮಾನ್ರೇ, ಹಿಂಗೆಲ್ಲ ಮಾಡಿದ್ರೆ ಪೊಲೀಸ್ ಕರೀಬೇಕಾಗುತ್ತೆ."

"ಕರಿಯಪ್ಪ. ನಮ್ ಹೊಲ ಉಳಿಸ್ಕೊಳಕ್ಕೆ ಮೂರು ವರ್ಷದ ಮೇಲೆ ಧರಣಿ ಕೂತಿದ್ದೋನು ನಾನು. ಮಳೆಗೂ ಕೂತಿದೀನಿ, ಪೊಲೀಸ್‌ನೋರ ಮುಂದೂ ಕೂತಿದೀನಿ. ನಿನ್ ಮೆಟ್ಟಿಲು ನನಗ್ಯಾವ ಲೆಕ್ಕ? ನೆಳ್ಳೈತೆ ಇಲ್ಲಿ."

ಸಿಂಚನ ಅವರ ಪಕ್ಕದಲ್ಲಿ ಹೋಗಿ ಕೂತಳು. ಮೆಟ್ಟಿಲ ಮೇಲೆ ಹಳೆಯ ರಕ್ತದ ಕಲೆ, ಒಂದೆರಡು ಪುಕ್ಕ. ಅಪ್ಪ ತಮ್ಮ ಟವೆಲ್ ಹಾಸಿ ಅದರ ಮೇಲೆ ಕೂರು ಎಂದರು. ಅವಳು ಬೇಡವೆಂದಳು. ದೀಪ ಹಚ್ಚುವ ಹೊತ್ತಿಗೆ ಅಂಬರೀಶ್ ಮೇಲಿನಿಂದ ಇಳಿದು ಬಂದು, "ತೆಗೆದಿದಾರೆ, ನೋಡಿ," ಎಂದ. ಸಿಂಚನ ನೋಡಿದಳು. ಅದು ಇದ್ದ ಜಾಗ ಖಾಲಿಯಾಗಿತ್ತು. ಅಪ್ಪಯ್ಯಣ್ಣ ತಾವೂ ಕಣ್ಣಾರೆ ನೋಡಿ, ಮೊಣಕಾಲು ಹಿಡಿದುಕೊಂಡು ಎದ್ದರು.

"ನಡಿಯಮ್ಮ, ಸೊಪ್ಪು ಹಾಕೋ ಹೊತ್ತಾಯ್ತು."

ಸ್ಕೂಟರಿನಲ್ಲಿ ಬರುವಾಗ ಅವರು ಒಂದೇ ಒಂದು ಮಾತು ಕೇಳಿದರು. "ಅವ್ನು ಚೆನ್ನಾಗಿ ಬಾರಿಸ್ತಾನಾ?"

"ಬಾರಿಸ್ತಾನಪ್ಪ."

"ಥೂ," ಎಂದು ರಸ್ತೆಯ ಬದಿಗೆ ಉಗಿದರು.

*

ಆದರೂ ಆ ವಿಡಿಯೋ ಎಲ್ಲ ಕಡೆಯಿಂದ ಹೋಗಲಿಲ್ಲ. ನೆಂಟರ ಗುಂಪಿನಲ್ಲಿ ಅಪ್ಪ ಹಾಕಿದ ಪ್ರತಿ ಹಾಗೇ ಇತ್ತು. ಅದನ್ನು ತೆಗೆಯುವುದು ಹೇಗೆಂದು ಕೇಳಿ ಅವರು ಫೋನನ್ನು ಮಗಳ ಕೈಗೆ ಕೊಟ್ಟರು. ಎಲ್ಲರ ಫೋನಿನಿಂದ ಅಳಿಸುವ ಅವಧಿ ಎಂದೋ ಮೀರಿತ್ತು. ಅಪ್ಪನ ಫೋನಿನಿಂದಾದರೂ ಅಳಿಸೋಣವೆಂದು ಸಿಂಚನ ಅದರ ಮೇಲೆ ಬೆರಳಿಟ್ಟಳು. ಅಷ್ಟರಲ್ಲಿ ಅದು ತಾನಾಗಿಯೇ ಓಡತೊಡಗಿತು. ಸದ್ದು ಮುಚ್ಚಿತ್ತು. ಎಮ್ಮೆ ಇಲ್ಲ, ನಗು ಇಲ್ಲ. ಬರೀ ಕೈ.

ಅವಳು ಸದ್ದಿಲ್ಲದೆ ಅದನ್ನು ನೋಡಿದ್ದು ಅದೇ ಮೊದಲು. ಪರದೆಯ ಮೇಲಿನ ತನ್ನ ಮುಖವನ್ನು ಅಂಗೈಯಿಂದ ಮುಚ್ಚಿ ಕೆಳಗಿನ ಭಾಗ ಮಾತ್ರ ನೋಡಿದಳು. ಹೆಬ್ಬೆರಳು ತಂತಿ ದಾಟಿ ಹೋಗುತ್ತಿತ್ತು. ಸರಿಯಾಗಿ ಹೋಗಿ ಕೆಳಗಿನ ತಂತಿಯ ಮೇಲೆ ಕೂರುತ್ತಿತ್ತು. ಮೇಲೆ ಬರುವಾಗ ಮಾತ್ರ ಬೆರಳಿನ ತುದಿ ಗಿಣ್ಣಿನಲ್ಲಿ ಕೊಕ್ಕೆಯಂತೆ ಬಾಗಿ ತಂತಿಯನ್ನು ಅಗೆಯುತ್ತಿತ್ತು. ಯಾಕೆ ಬಾಗುತ್ತದೆ? ಮತ್ತೆ ನೋಡಿದಳು. ಮೊಣಕೈ. ಬಲ ಮೊಣಕೈ ಗಿಟಾರಿನ ಅಂಚಿಗೆ ಮೊಳೆ ಹೊಡೆದಂತೆ ಒತ್ತಿಕೊಂಡಿತ್ತು. ಅದು ಅಲ್ಲಿ ಸಿಕ್ಕಿಬಿದ್ದದ್ದರಿಂದ ಮುಂಗೈ ತಿರುಗುತ್ತಿರಲಿಲ್ಲ. ಮುಂಗೈ ತಿರುಗದ್ದರಿಂದ ಪಾಪ, ಬೆರಳೊಂದೇ ಎಲ್ಲ ಕೆಲಸ ಮಾಡಲು ಹೋಗಿ ಬಾಗುತ್ತಿತ್ತು.

ಇಷ್ಟೇ. ಬಾಯಿಬಿಟ್ಟು ಹೇಳಿದ್ದರೆ ಒಂದು ಮಾತಿನ ಕೆಲಸ.

ಚೀಲದಿಂದ ಬೇಸ್ ತೆಗೆದಳು. ಬೀಗಕ್ಕೆ ಕೀಲಿ ತಿರುಗಿಸುವ ಹಾಗೆ, ಮೊಣಕೈಯನ್ನು ಅಂಚಿನಿಂದ ಎತ್ತಿ, ಮುಂಗೈಯನ್ನೇ ತಿರುಗಿಸಿದಳು. ಮೊದಲು ತಪ್ಪಿತು. ಹೆಗಲು ನೋಯಿತು. ಹುಳಗಳು ಮೇವು ಬಿಟ್ಟು ಹಣ್ಣಾಗಿ, ಚಂದ್ರಿಕೆಯ ಬಿದಿರು ತಟ್ಟಿಗೆ ಹತ್ತಿ ಗೂಡು ಕಟ್ಟುವವರೆಗೂ ಅವಳು ನಿಧಾನವಾಗಿ, ಬಹಳ ನಿಧಾನವಾಗಿ ಅದನ್ನೇ ಮಾಡಿದಳು. ಒಂದು ಸಂಜೆ ಮೇಲೆ ಬರುವ ಸ್ವರ ಬಂತು. ಕೆಳಗಿನದರಷ್ಟೇ ತುಂಬಿದ, ದುಂಡಗಿನ ಸ್ವರ. ಮತ್ತೆ ಬಂತು. ಕೆಳಗೆ, ಮೇಲೆ, ಕೆಳಗೆ, ಮೇಲೆ. ಕೋಣೆಯ ನೆಲ ಕಂಪಿಸಿತು.

ಕುಣಿಯಬೇಕಿತ್ತು. ಅವಳು ಇದಕ್ಕಾಗಿ ಕಾದ ದಿನಗಳಲ್ಲಿ ಈ ಗಳಿಗೆಯನ್ನು ಎಷ್ಟೋ ಬಗೆಯಲ್ಲಿ ಊಹಿಸಿಕೊಂಡಿದ್ದಳು. ಆದರೆ ಈಗ ಗಂಟಲಲ್ಲಿ ಹುಳಿ ತೇಗು ಬಂದಂತಾಯಿತು. ಇನ್ನೊಬ್ಬರು ಉಗಿದ ತಟ್ಟೆಯಲ್ಲಿ ಹಸಿವಿಗೆ ಉಂಡ ಹಾಗೆ. ಹೊಟ್ಟೆ ತುಂಬಿತ್ತು, ಎಂಜಲು ಎಂಬುದೂ ಗೊತ್ತಿತ್ತು. ಆ ಮನುಷ್ಯ ಕೆಳಗಿನಿಂದ ಇಟ್ಟ ಫೋನಿನ ಕಣ್ಣಿನಿಂದಲೇ ಅವಳು ತನ್ನ ಕೈಯನ್ನು ನೋಡಿ ಕಲಿಯಬೇಕಾಗಿ ಬಂದಿತ್ತು. ಅವಳು ಆಂಪ್ಲಿಫೈಯರ್ ಆರಿಸಿ, ನಲ್ಲಿಯಡಿ ಕೈ ಹಿಡಿದು ನಿಂತಳು. ಅಜ್ಜಿ ದೂರದಿಂದ ಕೂಗಿದರು.

"ಯಾಕಮ್ಮಿ ನಿಲ್ಲಿಸ್ಬಿಟ್ಟೆ? ಈಗ್ಲೇ ಒಸಿ ಕೇಳಂಗಿತ್ತು."

*

ಕಾರ್ತಿಕದಲ್ಲಿ ಸುನಿಲ್‌ಕುಮಾರ್ ಮತ್ತೊಂದು ವಿಡಿಯೋ ಹಾಕಿದ. ಈ ಸಲ ಮುಖ ಇರಲಿಲ್ಲ. ಬುದ್ಧಿ ಕಲಿತಿದ್ದ. ಬರೀ ಒಂದು ಹುಡುಗಿಯ ಕೈ, ಬೆರಳಿಗೆ ಬ್ಯಾಂಡೇಜು, ಮತ್ತೆ ಅದೇ ನಗು. ಎಮ್ಮೆಯ ಬದಲು ಕತ್ತೆ. ಆ ಕೈಯ ಮೊಣಕೈಯೂ ಅಂಚಿಗೆ ಒತ್ತಿಕೊಂಡಿತ್ತು.

ಸಿಂಚನ ಫೋನ್ ಎಸೆಯಲು ಎತ್ತಿದ್ದಳು, ಎಸೆಯಲಿಲ್ಲ. ಅದರ ಕೆಳಗೆ ತನ್ನ ಹೆಸರಿನಲ್ಲೇ ಬರೆದಳು: 'ತಂಗಿ, ನಿನ್ನ ಬೆರಳಲ್ಲಿ ದೋಷ ಇಲ್ಲ. ಮೊಣಕೈ ಎತ್ತು, ಮುಂಗೈ ತಿರುಗಿಸು. ಇವರಿಗೆ ಇದು ಗೊತ್ತು, ಹೇಳುವುದಿಲ್ಲ.' ಸ್ವಲ್ಪ ಹೊತ್ತಿಗೆ ಅದು ಮಾಯವಾಯಿತು. ಮತ್ತೆ ಬರೆದಳು. ಮತ್ತೆ ಮಾಯವಾಯಿತು. ಆಮೇಲೆ ಅವಳನ್ನೇ ಹೊರಗೆ ಹಾಕಿದರು.

ಆದರೆ ಯಾರೋ ಅದನ್ನು ಓದಿದ್ದರು. ಭಾನುವಾರ ಹತ್ತಿರದ ವಿಜಯಪುರದ ಕಡೆಯಿಂದ ಒಂದು ಹುಡುಗಿ ಬೇಸಿನ ಚೀಲ ಬೆನ್ನಿಗೆ ಹಾಕಿಕೊಂಡು, ಶಾಲೆಯ ಹುಡುಗರಿಂದ ಊರಿನ ಹೆಸರು ತಿಳಿದು, ದಾರಿ ಕೇಳಿಕೊಂಡು ಬಂದಳು. ಪದ್ಮಶ್ರೀ ಎಂದು ಹೆಸರು. ನರ್ಸಿಂಗ್ ಓದುತ್ತಿದ್ದಳು. ಹುಳದ ಮನೆಯ ಬಾಗಿಲಲ್ಲಿ ನಿಂತು, ಹಿಕ್ಕೆಯ ವಾಸನೆಗೆ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು.

"ಅಕ್ಕ, ಅದು ನಂದೇ ಕೈ," ಎಂದಳು.

ಸಿಂಚನ ಅವಳನ್ನು ಸೊಪ್ಪಿನ ಕೋಣೆಗೆ ಕರೆದೊಯ್ದಳು. ಬ್ಯಾಂಡೇಜು ಬಿಚ್ಚಿಸಿ ನೋಡಿದಳು. ಹಸಿ ಗಾಯ, ಸುತ್ತ ಬಿಳಿಚಿದ ಚರ್ಮ. ಅಷ್ಟು ದಿನ ತನ್ನ ಬೆರಳನ್ನು ಕಂಡರೆ ಆಗುತ್ತಿದ್ದ ಹೇಸಿಗೆ ಈ ಬೆರಳಿನ ಮೇಲೆ ಆಗಲಿಲ್ಲ. ಸಿಟ್ಟು ಬಂತು.

"ಇದು ಒಣಗೋವರೆಗೂ ತಂತಿ ಮುಟ್ಟಬೇಡ. ಇವತ್ತು ಬರೀ ಕೈ ತಿರುಗಿಸೋದು ಕಲಿ. ಅವ್ನ ಹತ್ರ ಇನ್ನೂ ಹೋಗ್ತಿದೀಯಾ?"

ಪದ್ಮಶ್ರೀ ತಲೆ ತಗ್ಗಿಸಿದಳು. "ಡಿಸೆಂಬರ್ ಶೋಗೆ ತಗೋತೀನಿ ಅಂದಿದಾರೆ ಅಕ್ಕ. ಅಲ್ಲೀವರೆಗೂ..."

ಸಿಂಚನಳಿಗೆ ಎದ್ದು ಹೊರಗೆ ಹೋಗಬೇಕೆನ್ನಿಸಿತು. ಅಂಬರೀಶನ ಮುಖ ನೆನಪಾಯಿತು. ಮೆಟ್ಟಿಲ ಮೇಲಿನ ಪುಕ್ಕ ನೆನಪಾಯಿತು. ಈ ಹುಡುಗಿ ಇಲ್ಲಿ ಕಲಿತದ್ದನ್ನು ಅಲ್ಲಿ ಹೋಗಿ ನುಡಿಸುತ್ತಾಳೆ, ಅವನು ನನ್ನ ಶಿಷ್ಯೆ ಎನ್ನುತ್ತಾನೆ. ಅದೂ ಗೊತ್ತಾಗುತ್ತಿತ್ತು. ಆದರೆ ಹುಡುಗಿ ಕಾಯುತ್ತಾ ಕೂತಿದ್ದಳು. ಮೊಣಕೈ ಆಗಲೇ ತಪ್ಪಾಗಿ ಗಿಟಾರಿನ ಅಂಚಿಗೆ ಒರಗಿತ್ತು.

"ಎತ್ತು," ಎಂದು ಸಿಂಚನ ತನ್ನ ಕೈಯಿಂದ ಆ ಮೊಣಕೈಯನ್ನು ಸರಿಸಿದಳು. "ನಾನು ಮಾಡೋದು ನೋಡು."

ಪದ್ಮಶ್ರೀ ಚೀಲದ ಜೇಬಿನಿಂದ ಫೋನ್ ತೆಗೆದಳು. "ವಿಡಿಯೋ ಮಾಡ್ಕೊಳ್ಳಾ ಅಕ್ಕ? ಮನೇಲಿ ನೋಡ್ಕೊಂಡು..."

"ಒಳಗಿಡು ಅದನ್ನ!"

ದನಿ ಎಷ್ಟು ಗಡುಸಾಗಿತ್ತೆಂದರೆ ಹೊರಗೆ ಸೊಪ್ಪು ಕತ್ತರಿಸುತ್ತಿದ್ದ ಅಪ್ಪಯ್ಯಣ್ಣ ಕತ್ತಿ ನಿಲ್ಲಿಸಿ ಇತ್ತ ನೋಡಿದರು. ಹುಡುಗಿ ಗಾಬರಿಯಿಂದ ಫೋನನ್ನು ಚೀಲದೊಳಗೆ ತುರುಕಿದಳು. ಸಿಂಚನ ಒಂದು ಉಸಿರು ಎಳೆದುಕೊಂಡು, ಬೇಸನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಹತ್ರ ಬಂದು ಕೂತ್ಕೊ," ಎಂದಳು. "ಅರ್ಥ ಆಗೋವರೆಗೂ ಮಾಡಿ ತೋರಿಸ್ತೀನಿ. ಅರ್ಥ ಆಗ್ದಿದ್ರೆ ಕೇಳು. ಕೇಳ್ದಾಗ ಹೇಳ್ತೀನಿ."